ಹಳೆಯ ಕಾರಿನ ವಾಲ್ವ್ ಸವೆತ: ಹೆಡ್ ಬಿಚ್ಚುವ ಮೊದಲು

(ಚಿಕ್ಕಮಗಳೂರಿನಲ್ಲಿ ಹಳೆಯ ಕಾರು, ಜೀಪು ಉಳಿಸಿಕೊಂಡವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಳೆಯ ಗಾಡಿ ದಿಣ್ಣೆ ಹತ್ತಲಿಲ್ಲ ಅಂದರೆ ನಮ್ಮ ಕಡೆ ಮೊದಲು ಬರುವ ಮಾತು "ಎಂಜಿನ್ ಕೆಲಸಕ್ಕೆ ಬಂದಿದೆ". ಆ ಒಂದು ಮಾತಿಗೆ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಿಚ್ಚುತ್ತಾರೆ. ಬಿಚ್ಚಿದ್ದಾಯಿತಲ್ಲ ಅಂತ ಪಿಸ್ಟನ್ ಎಳೆಯುತ್ತಾರೆ. ಎಳೆದಿದ್ದಾಯಿತಲ್ಲ ಅಂತ ಬ್ಲಾಕು (ಸಿಲಿಂಡರುಗಳಿರುವ ಎರಕದ ಒಡಲು) ಬೋರಿಂಗ್ ಶಾಪಿಗೆ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಗೊತ್ತಾಗುವುದು, ಸಿಲಿಂಡರಿಗೆ ಗ್ಯಾಸಿನ ದಾರಿ ತೆರೆದು ಮುಚ್ಚುವ ಎಂಟು ವಾಲ್ವ್‌ಗಳಲ್ಲಿ ಒಂದು, ಮುಚ್ಚಿದಾಗ ಕೂರಬೇಕಾದ ಸೀಟಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ ಅಂತ. ಎಷ್ಟೋ ಸಲ ಅದೂ ಅಲ್ಲ, ಟ್ಯಾಪೆಟ್ ಗ್ಯಾಪು (ವಾಲ್ವ್‌ಗೂ ಅದನ್ನು ಎತ್ತುವ ಟ್ಯಾಪೆಟ್‌ಗೂ ನಡುವಿನ ಸಂದು) ಕಡಿಮೆಯಾಗಿತ್ತು ಅಷ್ಟೆ. ಯಾವ ಸಿಲಿಂಡರು, ಅದರಲ್ಲಿ ಗಾಳಿ, ಪೆಟ್ರೋಲು ಒಳಬಿಡುವ ಇನ್‌ಲೆಟ್ಟೋ ಹೊಗೆ ಹೊರಬಿಡುವ ಎಕ್ಸಾಸ್ಟೋ, ಕೆಟ್ಟಿದ್ದು ಸೀಟೋ, ವಾಲ್ವ್ ಕಾಂಡ ಜಾರುವ ಗೈಡೋ, ಸ್ಪ್ರಿಂಗೋ ಎಂಬಷ್ಟನ್ನು ಹೆಡ್‌ಗೆ ಸ್ಪ್ಯಾನರ್ ತಾಗಿಸುವ ಮೊದಲೇ ಹೇಳಬಹುದು. ಇವತ್ತಿನ ಮಾತು ಅದರ ಬಗ್ಗೆ.

ಮುಖ್ಯವಾಗಿ ಸೈಡ್-ವಾಲ್ವ್ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ, ಅದರ ನಂತರದ ಮಾಡೆಲ್ ಎ, 1922ರಲ್ಲಿ ಶುರುವಾಗಿ ಮುಂದೆ 747 ಸಿಸಿಯಾದ ಆಸ್ಟಿನ್ ಸೆವೆನ್ ಎಲ್ಲವೂ ಇದೇ ಜಾತಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪೂ ಇದೇ, ತೀರಾ ಮೊದಲ ಅಂಬಾಸಿಡರ್‌ಗಳ 1,476 ಸಿಸಿ ಎಂಜಿನ್ನೂ ಇದೇ. ಇನ್ನೂ ಹಿಂದಕ್ಕೆ ಹೋದರೆ, 1900ರ ಆಸುಪಾಸಿನ ಡಿ ಡಿಯಾನ್‌ನಂಥ ಎಂಜಿನ್‌ಗಳಲ್ಲಿ ಇನ್‌ಲೆಟ್ ವಾಲ್ವನ್ನು ಎತ್ತುವ ಕ್ಯಾಮೇ ಇರಲಿಲ್ಲ. ಪಿಸ್ಟನ್ ಕೆಳಗೆ ಎಳೆದ ಉಸಿರಿಗೇ ಅದು ತೆರೆದುಕೊಳ್ಳುತ್ತಿತ್ತು. ಅಲ್ಲಿ ಅರ್ಧ ರೋಗ ಸ್ಪ್ರಿಂಗಿನದ್ದು: ಬಿರುಸಾದರೆ ಎಂಜಿನ್‌ಗೆ ಉಸಿರು ಸಾಲದು, ಸಡಿಲಾದರೆ ತಡವಾಗಿ ಮುಚ್ಚಿ ಕಾರ್ಬುರೇಟರ್ ಕಡೆಗೆ ಉಗುಳುತ್ತದೆ. ಅಂಥ ಗಾಡಿ ಇಲ್ಲಿ ಯಾರ ಹತ್ತಿರವಾದರೂ ಇದ್ದರೆ ಅದೃಷ್ಟವಂತರು, ಮುಂದಕ್ಕೆ ಹೋಗೋಣ.

ಸದ್ದಡಗಿದ ವಾಲ್ವ್

ಸೈಡ್-ವಾಲ್ವ್ ಎಂಜಿನ್‌ನಲ್ಲಿ ವಾಲ್ವ್ ಹೆಡ್‌ನಲ್ಲಿರುವುದಿಲ್ಲ. ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕದಲ್ಲಿ, ತಲೆ ಮೇಲೆ ಮಾಡಿ ಕೊಡೆಯ ಅಣಬೆಯಂತೆ ನಿಂತಿರುತ್ತದೆ. ಸೀಟನ್ನು ಸಾಮಾನ್ಯವಾಗಿ ಬ್ಲಾಕಿನ ಎರಕದಲ್ಲೇ ಕಡೆದಿರುತ್ತಾರೆ. ಕೆಳಗೆ ಗೈಡು, ಸ್ಪ್ರಿಂಗು, ಟ್ಯಾಪೆಟ್, ಕ್ಯಾಮು. ಎಂಜಿನ್ ನಿಮಿಷಕ್ಕೆ 1,500 ಸುತ್ತು ಹೊಡೆದರೆ ಪ್ರತಿ ವಾಲ್ವ್ 750 ಸಲ ಎದ್ದು ಕೂರುತ್ತದೆ. ಇನ್‌ಲೆಟ್‌ನ ಮೈಮೇಲೆ ತಣ್ಣನೆಯ ಗಾಳಿ, ಪೆಟ್ರೋಲು ಹಾದುಹೋಗುವುದರಿಂದ ಅದು ತಂಪಾಗಿರುತ್ತದೆ. ಎಕ್ಸಾಸ್ಟ್‌ಗೆ ಆ ಭಾಗ್ಯ ಇಲ್ಲ. ಲೋಡು ಬಿದ್ದಾಗ ಮಂಕು ಕೆಂಪಗೆ ಕಾಯುತ್ತದೆ. ಆ ಬಿಸಿಯ ಸುಮಾರು ಮುಕ್ಕಾಲು ಪಾಲು ಸೀಟಿನ ಮೂಲಕ ಬ್ಲಾಕಿನ ನೀರಿಗೆ ಇಳಿಯಬೇಕು, ಉಳಿದದ್ದು ಗೈಡಿನ ಮೂಲಕ. ಸೀಟಿಗೆ ಪೂರ್ತಿ ಕೂರದ ಎಕ್ಸಾಸ್ಟ್ ವಾಲ್ವ್‌ಗೆ ಬಿಸಿ ಇಳಿಸಲು ದಾರಿಯೇ ಇಲ್ಲ. ಅದರ ಮೇಲೆ ಉರಿಯುವ ಗ್ಯಾಸು ಆ ಸಂದಿಯಿಂದಲೇ ನುಗ್ಗಿ ಅಂಚನ್ನು ಕೊರೆಯುತ್ತದೆ.

ಇನ್ನು ಗ್ಯಾಪಿನ ವಿಷಯ. ಸವೆತ ಎರಡು ದಿಕ್ಕಿಗೆ ನಡೆಯುತ್ತದೆ. ಕ್ಯಾಮು, ಟ್ಯಾಪೆಟ್ ತಲೆ, ವಾಲ್ವ್ ಕಾಂಡದ ತುದಿ ಸವೆದರೆ ಗ್ಯಾಪು ಹೆಚ್ಚುತ್ತದೆ, ಟಕಟಕ ಸದ್ದು ಬರುತ್ತದೆ. ಸೀಟು, ವಾಲ್ವ್ ಮುಖ ಸವೆದರೆ ವಾಲ್ವ್ ಕೆಳಕ್ಕೆ ಕುಸಿಯುತ್ತದೆ, ಅದರ ಬಾಲ ಟ್ಯಾಪೆಟ್ ಹತ್ತಿರ ಬರುತ್ತದೆ, ಗ್ಯಾಪು ಕಡಿಮೆಯಾಗುತ್ತದೆ, ಸದ್ದು ನಿಲ್ಲುತ್ತದೆ. ಗ್ಯಾಪು ಪೂರ್ತಿ ಹೋದ ದಿನ, ಕಾಯ್ದ ಕಾಂಡ ಉದ್ದವಾಗಿ ವಾಲ್ವ್ ಸೀಟಿನಿಂದ ಕೂದಲೆಳೆಯಷ್ಟು ಮೇಲೆಯೇ ನಿಂತುಬಿಡುತ್ತದೆ. ಸುಡುವುದು ಆಗ. ಹಾಗಾಗಿ ಟಕಟಕ ಅನ್ನುವ ವಾಲ್ವ್‌ಗೆ ಅವಸರ ಇಲ್ಲ. ಹಿಂದೆ ಸದ್ದು ಮಾಡುತ್ತಿದ್ದು ಈಗ ತಾನಾಗಿಯೇ ಸುಮ್ಮನಾದ ವಾಲ್ವ್ ಇದ್ದರೆ ಇವತ್ತೇ ನೋಡಬೇಕು. "ಎಂಜಿನ್ ಈಗ ಬಹಳ ಸೈಲೆಂಟಾಗಿದೆ" ಅಂತ ಯಾರಾದರೂ ಖುಷಿಪಟ್ಟರೆ ಫೀಲರ್ ಗೇಜು (ಸಂದು ಅಳೆಯುವ ತೆಳು ಪಟ್ಟಿ) ಕೈಗೆತ್ತಿಕೊಳ್ಳಿ.

ನಮ್ಮ ಎತ್ತರದ ಲೆಕ್ಕ

ಟೆಸ್ಟುಗಳಿಗೆ ಹೋಗುವ ಮೊದಲು ಒಂದು ಎಚ್ಚರಿಕೆ. ಮ್ಯಾನ್ಯುಯಲ್‌ಗಳಲ್ಲಿರುವ ಅಂಕಿಗಳೆಲ್ಲ ಸಮುದ್ರಮಟ್ಟದ ಲೆಕ್ಕ. ಹಾಸನ, ಚಿಕ್ಕಮಗಳೂರು ಎರಡೂ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡವೇ ಹತ್ತಿರಹತ್ತಿರ ಹತ್ತು ಶೇಕಡಾ ಕಡಿಮೆ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜಿನಲ್ಲಿ ಮಂಗಳೂರಿನಲ್ಲಿ ಚದರ ಇಂಚಿಗೆ 60 ಪೌಂಡ್ ತೋರಿಸುವ ಎಂಜಿನ್ ಇಲ್ಲಿ 54ರ ಹತ್ತಿರ ತೋರಿಸುತ್ತದೆ. ಯುದ್ಧಕಾಲದ ಜೀಪಿಗೆ ಪುಸ್ತಕ ಹೇಳುವುದು ಸುಮಾರು 110 ಪೌಂಡ್. ಇಲ್ಲಿ 100 ಬಂದರೆ ಎಂಜಿನ್ ಗಟ್ಟಿಯಾಗಿಯೇ ಇದೆ. ಎಂಜಿನ್ ಗಾಳಿ ಸೆಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜು ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು (ಪಾದರಸದ ಲೆಕ್ಕ) ಇಳಿಯುತ್ತದೆ. ಕೆಳಗೆ 18ರಿಂದ 20 ಇಂಚು ತೋರಿಸಬೇಕಾದದ್ದು ಇಲ್ಲಿ 15ರಿಂದ 17 ತೋರಿಸಿದರೆ ಅದು ರೋಗವಲ್ಲ, ಬೆಟ್ಟ. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಮೇಲೆ ನಿಲ್ಲಿಸಿ ನೋಡಿದರೆ ಇನ್ನೂ ಮೂರು ಇಂಚಿನಷ್ಟು ಕಡಿಮೆ. ಈ ಲೆಕ್ಕ ತಿಳಿಯದೆ ಒಳ್ಳೆಯ ಎಂಜಿನ್ ಬಿಚ್ಚುವುದುಂಟು. ಅದಕ್ಕೇ ಪುಸ್ತಕದ ಅಂಕಿಗಿಂತ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು ನಂಬಿ. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ವಾಲ್ವ್‌ನ ಮೇಲೆ ಸಂಶಯ ಕೊನೆಗೆ. ಒಂದೇ ಕಡಿಮೆ ಇದ್ದರೆ ಮೊದಲಿಗೆ.

ಕೈ, ಕಿವಿ, ಒಂದು ಚೂರು ಕಾಗದ

ಮೊದಲ ಟೆಸ್ಟಿಗೆ ದುಡ್ಡು ಬೇಡ. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ಇಗ್ನಿಶನ್ ಆಫ್ ಮಾಡಿ, ಗೇರು ನ್ಯೂಟ್ರಲ್‌ನಲ್ಲಿದೆಯೇ ಖಚಿತಪಡಿಸಿಕೊಂಡು ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಎಂದೂ ಕೆಳಕ್ಕೆ ಒತ್ತಬೇಡಿ. ನಿಧಾನವಾಗಿ ಎಳೆದರೆ ನಾಲ್ಕು ಸಲ ಕಂಪ್ರೆಶನ್ ಕೈಗೆ ಸಿಗಬೇಕು. ಗಟ್ಟಿ ಸಿಲಿಂಡರು ರಬ್ಬರಿನ ಹಾಗೆ ಹಿಂದಕ್ಕೆ ದೂಡುತ್ತದೆ. ಸೋರುವ ಸಿಲಿಂಡರು ಒಂದು ಕ್ಷಣ ತಡೆದು ಉಸ್ಸೆಂದು ಜಾರುತ್ತದೆ. ಜಾರುವಾಗ ಒಬ್ಬರು ಕಾರ್ಬುರೇಟರ್ ಬಾಯಿಗೆ ಕಿವಿ ಕೊಟ್ಟಿರಲಿ, ಇನ್ನೊಬ್ಬರು ಸೈಲೆನ್ಸರ್ ಹತ್ತಿರ ಕೂರಲಿ. ಉಸ್ಸೆಂಬುದು ಕಾರ್ಬುರೇಟರಿನಲ್ಲಿ ಕೇಳಿದರೆ ಇನ್‌ಲೆಟ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ಸುತ್ತಲಿನ ರಿಂಗು. ಅರ್ಧ ರೋಗನಿರ್ಣಯ ಇಲ್ಲೇ ಮುಗಿಯುತ್ತದೆ.

ಆಮೇಲೆ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಸೈಲೆನ್ಸರ್ ತುದಿಗೆ ನಾಲ್ಕು ಬೆರಳು ದೂರದಲ್ಲಿ ಒಂದು ಚೂರು ಕಾಗದ ಹಿಡಿಯಿರಿ. ಒಂದೇ ಸಮ ಹೊರಕ್ಕೆ ಪಟಪಟಿಸಿದರೆ ಸರಿ. ಲಯಬದ್ಧವಾಗಿ ನಡುನಡುವೆ ಒಳಕ್ಕೆ ಸೆಳೆದುಕೊಂಡರೆ ಒಂದು ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿಲ್ಲ, ಇಲ್ಲವೇ ಒಂದು ಸಿಲಿಂಡರು ಫೈರ್ ಆಗುತ್ತಿಲ್ಲ. ಎರಡನ್ನು ಬೇರೆ ಮಾಡಲು ಪ್ಲಗ್ ಬದಲಿಸಿ ನೋಡಿ. ಮಿಸ್ಸಿಂಗ್ ಪ್ಲಗ್‌ನ ಜೊತೆಗೇ ಬೇರೆ ಸಿಲಿಂಡರಿಗೆ ಹೋದರೆ ವಾಲ್ವ್ ನಿರಪರಾಧಿ.

ಯಾವ ಸಿಲಿಂಡರು ಅಂತ ಹಿಡಿಯುವುದು ಮಾಡೆಲ್ ಟಿಯಲ್ಲಿ ಬಹಳ ಸುಲಭ. ನಾಲ್ಕು ಕಾಯಿಲ್‌ಗಳ ಮೇಲೆ ನಾಲ್ಕು ವೈಬ್ರೇಟರ್ ಜುಂಯ್ ಅನ್ನುತ್ತಿರುತ್ತವೆ. ಒಂದೊಂದನ್ನೇ ಬೆರಳಿನಿಂದ ಒತ್ತಿ ಹಿಡಿದರೆ ಆ ಸಿಲಿಂಡರು ನಿಲ್ಲುತ್ತದೆ. ಒತ್ತಿದಾಗ ಎಂಜಿನ್ ಕುಂಟಿದರೆ ಅದು ಕೆಲಸ ಮಾಡುತ್ತಿತ್ತು, ಏನೂ ವ್ಯತ್ಯಾಸ ಆಗದಿದ್ದರೆ ಅದೇ ಕಳ್ಳ. ಜೀಪಿನಲ್ಲಿ ಒಂದೊಂದೇ ಪ್ಲಗ್ ವೈರನ್ನು ಒಣ ಮರದ ಹಿಡಿ ಇರುವ ಸ್ಕ್ರೂಡ್ರೈವರಿನಿಂದ ಬ್ಲಾಕಿಗೆ ಶಾರ್ಟ್ ಮಾಡಿ ಇದನ್ನೇ ನೋಡಬಹುದು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಫೈರ್ ಆಗುವ ಸರದಿ) ಮರೆಯಬೇಡಿ: ಮಾಡೆಲ್ ಟಿ, ಮಾಡೆಲ್ ಎ ಎರಡಕ್ಕೂ 1-2-4-3, ಆಸ್ಟಿನ್ ಸೆವೆನ್‌ಗೂ ಜೀಪಿಗೂ 1-3-4-2.

ಗೇಜು ಹಾಕಿ ನೋಡುವುದು

ಕಂಪ್ರೆಶನ್ ಟೆಸ್ಟ್ ಎಲ್ಲರೂ ಮಾಡುತ್ತಾರೆ, ಸರಿಯಾಗಿ ಮಾಡುವವರು ಕಡಿಮೆ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಪ್ರತಿ ಸಿಲಿಂಡರಿಗೂ ಅಷ್ಟೇ ಸಲ, ಐದೋ ಆರೋ ಕಂಪ್ರೆಶನ್, ತಿರುಗಿಸಬೇಕು. ಥ್ರಾಟಲ್ ಮುಚ್ಚಿಟ್ಟು ನೋಡಿದ ರೀಡಿಂಗ್ ಲೆಕ್ಕಕ್ಕಿಲ್ಲ. ಮಾಡೆಲ್ ಟಿಯ ಕಂಪ್ರೆಶನ್ ಅನುಪಾತವೇ ನಾಲ್ಕರ ಹತ್ತಿರ, ಇಲ್ಲಿ 45ರಿಂದ 55 ಪೌಂಡ್ ಬಂದರೆ ತೃಪ್ತಿಪಡಿ. ಅತಿ ಹೆಚ್ಚಿನ ಸಿಲಿಂಡರಿಗೂ ಅತಿ ಕಡಿಮೆಯದಕ್ಕೂ ಹತ್ತು ಪೌಂಡಿಗಿಂತ ಹೆಚ್ಚು ಅಂತರ ಬಂದಾಗ ಮುಂದಿನ ಹೆಜ್ಜೆ. ಪಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಬಿದ್ದಿದ್ದರೆ ವಾಲ್ವ್ ಬಿಡಿ, ನಡುವಿನ ಹೆಡ್ ಗ್ಯಾಸ್ಕೆಟ್ ನೋಡಿ.

ಮುಂದಿನ ಹೆಜ್ಜೆ ಅಂದರೆ ಆಯಿಲ್ ಬಿಟ್ಟು ಮತ್ತೆ ನೋಡುವುದು. ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಪ್ಲಗ್ ತೂತಿನಿಂದ ಬಿಟ್ಟು ಗೇಜು ಹಾಕಿದಾಗ ರೀಡಿಂಗ್ ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಇದು ಎಲ್ಲರ ಬಾಯಲ್ಲಿರುವ ಸೂತ್ರ. ಆದರೆ ಸೈಡ್-ವಾಲ್ವ್ ಎಂಜಿನ್‌ಗೆ ಇದು ಅರ್ಧ ಸತ್ಯ. ಇಂಥ ಹಲವು ಎಂಜಿನ್‌ಗಳಲ್ಲಿ ಪ್ಲಗ್ ಇರುವುದು ಪಿಸ್ಟನ್ ಮೇಲಲ್ಲ, ವಾಲ್ವ್‌ಗಳ ಮೇಲೆ. ನೇರ ಬಿಟ್ಟ ಆಯಿಲ್ ವಾಲ್ವ್ ತಲೆಯ ಸುತ್ತ ನಿಂತು ಸೋರುವ ಸೀಟನ್ನೇ ಕ್ಷಣಕಾಲ ಮುಚ್ಚಿಬಿಡುತ್ತದೆ. ರೀಡಿಂಗ್ ಏರುತ್ತದೆ, ರಿಂಗಿನ ಮೇಲೆ ಗೂಬೆ ಕೂರುತ್ತದೆ, ಪಿಸ್ಟನ್ ಹೊರಗೆ ಬರುತ್ತದೆ. ಆಯಿಲ್ ಕ್ಯಾನಿನ ಮೂತಿಗೆ ಬಗ್ಗಿಸಿದ ಸಣ್ಣ ತಾಮ್ರದ ನಳಿಗೆ ಸಿಕ್ಕಿಸಿ, ಸಿಲಿಂಡರಿನ ಕಡೆಗೆ ತಿರುಗಿಸಿ, ಪಿಸ್ಟನ್ ಮೇಲೆ ಬೀಳುವ ಹಾಗೆ ಬಿಡಿ. ಗೇಜು ಹಾಕುವ ಮೊದಲು ನಾಲ್ಕೈದು ಸುತ್ತು ತಿರುಗಿಸಿ.

ಸಂಶಯ ಉಳಿದರೆ ಗಾಳಿ ಬಿಟ್ಟು ನೋಡುವ ಟೆಸ್ಟ್. ನಮ್ಮ ಪ್ರಕಾರ ಇದಕ್ಕಿಂತ ನಂಬಿಗಸ್ತ ಟೆಸ್ಟ್ ಇಲ್ಲ. ಹಳೆಯ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಖಾಲಿ ಚಿಪ್ಪಿಗೆ ಗಾಳಿ ಪೈಪಿನ ನಿಪ್ಪಲ್ ಬೆಸುಗೆ ಹಾಕಿಸಿದರೆ ಅಡಾಪ್ಟರ್ ರೆಡಿ. ಮಾಡೆಲ್ ಟಿ ಇಟ್ಟುಕೊಂಡವರು ಗಮನಿಸಿ: ಅದರ ಪ್ಲಗ್‌ಗೆ ಅಮೆರಿಕದ ಅರ್ಧ ಇಂಚಿನ ಪೈಪು ಮರೆ (ತಿರುಪಿನ ಎಳೆ) ಇದೆ. ನಮ್ಮ ನಲ್ಲಿ ಅಂಗಡಿಯ ಅರ್ಧ ಇಂಚಿನ ನಿಪ್ಪಲ್ ಬ್ರಿಟಿಷ್ ಮರೆಯದ್ದು. ಎರಡಕ್ಕೂ ಇಂಚಿಗೆ 14 ಎಳೆ, ಹಾಗಾಗಿ ಎರಡು ಸುತ್ತು ಹತ್ತುತ್ತದೆ. ಆದರೆ ಮರೆಯ ಕೋನ ಅದಕ್ಕೆ 60 ಡಿಗ್ರಿ, ಇದಕ್ಕೆ 55. ಬಿಗಿ ಮಾಡಿದರೆ ಹೆಡ್‌ನ ಮರೆ ಹಾಳು. ಹಳೆಯ ಪ್ಲಗ್ ಚಿಪ್ಪನ್ನೇ ಬಳಸಿ.

ಪಿಸ್ಟನನ್ನು ಕಂಪ್ರೆಶನ್ ಸ್ಟ್ರೋಕಿನ ಮೇಲ್ತುದಿಗೆ ತಂದು, ಹ್ಯಾಂಡಲ್ ತೆಗೆದಿಟ್ಟು, ಆಮೇಲೆ ಗಾಳಿ ಬಿಡಿ. ಹ್ಯಾಂಡಲ್ ಅಲ್ಲೇ ಬಿಟ್ಟರೆ, ಪಿಸ್ಟನ್ ತುದಿಯಿಂದ ಸ್ವಲ್ಪ ಜಾರಿದರೂ ಗಾಳಿ ಕ್ರ್ಯಾಂಕನ್ನು ತಿರುಗಿಸಿ ಹ್ಯಾಂಡಲ್ ಮೊಣಕಾಲಿಗೆ ಬಡಿಯುತ್ತದೆ. ಹೊಸ ಗಾಡಿಗಳಿಗೆ ಬಿಡುವ 100 ಪೌಂಡ್ ಇಲ್ಲಿ ಬೇಡ, 30 ಪೌಂಡ್ ಸಾಕು. ಈಗ ಕಾರ್ಬುರೇಟರ್, ಸೈಲೆನ್ಸರ್, ಆಯಿಲ್ ಬಾಯಿ, ರೇಡಿಯೇಟರ್ ನಾಲ್ಕೂ ಕಡೆ ಕಿವಿ, ಕಣ್ಣು ಇಡಿ. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು. ಆಯಿಲ್ ಬಾಯಲ್ಲಿ ಸಣ್ಣಗೆ ಉಸಿರಾಡುವುದು ಸಹಜ, ಯಾವ ರಿಂಗೂ ಪೂರ್ತಿ ತಡೆಯುವುದಿಲ್ಲ. ವಾಲ್ವ್‌ಗೆ ಆ ರಿಯಾಯಿತಿ ಇಲ್ಲ. ಸೋರುವ ಸದ್ದು ಕೇಳಿದರೆ, ವಾಲ್ವ್ ಕೋಣೆಯ ಮುಚ್ಚಳ ತೆಗೆದು ಆ ವಾಲ್ವ್‌ಗೂ ಟ್ಯಾಪೆಟ್‌ಗೂ ನಡುವೆ ಗ್ಯಾಪು ಇದೆಯೇ ಮೊದಲು ನೋಡಿ. ಗ್ಯಾಪೇ ಇಲ್ಲದಿದ್ದರೆ ಸರಿ ಮಾಡಿ ಮತ್ತೆ ಗಾಳಿ ಬಿಡಿ. ಅಲ್ಲಿಗೇ ನಿಂತುಹೋಗುವ ಸೋರಿಕೆ ಬಹಳ.

ವ್ಯಾಕ್ಯೂಮ್ ಗೇಜು ಮುಳ್ಳಿನ ಕುಣಿತ ಓದಲು ಬಂದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಐಡ್ಲಿಂಗ್‌ನಲ್ಲಿ ಮುಳ್ಳು ಲೆಕ್ಕ ಹಾಕಿದಂತೆ ಒಂದೇ ಅಂತರದಲ್ಲಿ ಎರಡು ಮೂರು ಇಂಚು ಬಿದ್ದೆದ್ದರೆ ಒಂದು ವಾಲ್ವ್ ಸುಟ್ಟಿದೆ ಅಥವಾ ಕೂರುತ್ತಿಲ್ಲ. ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ ಎಂಬಂತೆ ಆಗಾಗ ಬಿದ್ದರೆ ವಾಲ್ವ್ ಗೈಡಿನಲ್ಲಿ ಹಿಡಿಯುತ್ತಿದೆ. ಐಡ್ಲಿಂಗ್‌ನಲ್ಲಿ ನಡುಗಿ, ಸ್ವಲ್ಪ ರೇಸ್ ಮಾಡಿದೊಡನೆ ಸ್ಥಿರವಾದರೆ ಗೈಡು ಸವೆದಿದೆ. ಅದಕ್ಕೆ ತದ್ವಿರುದ್ಧ, ರೇಸ್ ಹೆಚ್ಚಿದಂತೆ ನಡುಕ ಹೆಚ್ಚಿದರೆ ಸ್ಪ್ರಿಂಗು ಸೋತಿದೆ. ಮ್ಯಾನಿಫೋಲ್ಡಿನಲ್ಲಿ ಗೇಜಿಗೆ ತೂತು ಇಲ್ಲದ ಗಾಡಿಗಳಿಗೆ ದಯವಿಟ್ಟು ಡ್ರಿಲ್ ಹಾಕಬೇಡಿ. ಕಾರ್ಬುರೇಟರ್‌ಗೂ ಮ್ಯಾನಿಫೋಲ್ಡ್‌ಗೂ ನಡುವೆ ಕೂರುವ ಕಾಲು ಇಂಚಿನ ಅಲ್ಯೂಮಿನಿಯಂ ಬಿಲ್ಲೆ ಮಾಡಿಸಿ ಅದರ ಪಕ್ಕಕ್ಕೆ ನಿಪ್ಪಲ್ ಇಡಿಸಿ. ಕೆಲಸ ಆದ ಮೇಲೆ ತೆಗೆದಿಡಬಹುದು.

ಗ್ಯಾಪು ಅಳೆಯುವುದು

ಲೇತ್‌ನವರು ಥೌ ಅನ್ನುವುದು ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ. ಯುದ್ಧಕಾಲದ ಜೀಪಿಗೆ ತಣ್ಣಗಿದ್ದಾಗ 14 ಥೌ, ಆಸ್ಟಿನ್ ಸೆವೆನ್‌ಗೆ 4ರಿಂದ 6 ಥೌ. ಮಾಡೆಲ್ ಟಿಗೆ ಫೋರ್ಡ್ ಹೇಳಿದ್ದು ಇಂಚಿನ 1/64ಕ್ಕಿಂತ ಕಡಿಮೆ ಬೇಡ, 1/32ಕ್ಕಿಂತ ಹೆಚ್ಚು ಬೇಡ ಅಂತ, ಅಂದರೆ ಸುಮಾರು 16ರಿಂದ 31 ಥೌ. ಯಾವ ವಾಲ್ವನ್ನು ಯಾವಾಗ ಅಳೆಯಬೇಕು ಎನ್ನುವುದಕ್ಕೆ ಒಂಬತ್ತರ ಲೆಕ್ಕ ಇದೆ. ಮುಂದಿನಿಂದ ಹಿಂದಕ್ಕೆ ವಾಲ್ವ್‌ಗಳಿಗೆ 1ರಿಂದ 8 ಅಂತ ನಂಬರ್ ಕೊಡಿ. ಒಂದು ಪೂರ್ತಿ ಮೇಲೆದ್ದಿರುವಾಗ ಎಂಟನ್ನು ಅಳೆಯಿರಿ, ಎರಡು ಎದ್ದಾಗ ಏಳನ್ನು, ಹೀಗೆ ಕೂಡಿದರೆ ಒಂಬತ್ತು. ಮಾಡೆಲ್ ಟಿಯಲ್ಲಿ 1, 4, 5, 8 ಎಕ್ಸಾಸ್ಟ್, ನಡುವಿನ 2, 3, 6, 7 ಇನ್‌ಲೆಟ್. ಜೀಪಿನಲ್ಲೂ ಅದೇ ಸಾಲು.

ಫೀಲರ್ ಗೇಜು ಸುಳ್ಳು ಹೇಳುವ ಒಂದು ಸಂದರ್ಭ ಗೊತ್ತಿರಲಿ. ಬಹಳ ಓಡಿದ ಎಂಜಿನ್‌ನಲ್ಲಿ ಟ್ಯಾಪೆಟ್ ತಲೆ ನಡುವೆ ಬಟ್ಟಲಿನ ಹಾಗೆ ಗುಳಿ ಬಿದ್ದಿರುತ್ತದೆ. ಗೇಜಿನ ಪಟ್ಟಿ ಗುಳಿಯ ಮೇಲೆ ಸೇತುವೆಯಂತೆ ಕೂರುತ್ತದೆ. ಗೇಜು 14 ಅಂದರೂ ನಿಜವಾದ ಗ್ಯಾಪು 20 ಇರಬಹುದು. ಸರಿಯಾಗಿ ಸೆಟ್ ಮಾಡಿದ ಮೇಲೂ ಟಕಟಕ ನಿಲ್ಲದಿದ್ದರೆ ಕಾರಣ ಹೆಚ್ಚಾಗಿ ಇದೇ. ತಲೆಯನ್ನು ಗ್ರೈಂಡರ್‌ನಲ್ಲಿ ಸಪಾಟು ಮಾಡಿಸಬೇಕು. ಮಾಡೆಲ್ ಟಿಯ, ಮಾಡೆಲ್ ಎಯ ಮೂಲ ಟ್ಯಾಪೆಟ್‌ಗಳಿಗೆ ಅಡ್ಜಸ್ಟ್‌ಮೆಂಟ್ ಇಲ್ಲ. ಗ್ಯಾಪು ಕಡಿಮೆಯಾದರೆ ವಾಲ್ವ್ ಕಾಂಡದ ತುದಿಯನ್ನು ಒಂದೆರಡು ಥೌ ಉಜ್ಜಬೇಕು. ಹೆಚ್ಚು ಉಜ್ಜಿದ್ದನ್ನು ಮತ್ತೆ ಸೇರಿಸಲಾಗದು, ಆದ್ದರಿಂದ ಪ್ರತಿ ಸಲ ಹಾಕಿ ನೋಡಿ.

ಅಳೆದದ್ದನ್ನು ಎಂಟು ಕಂಬದಲ್ಲಿ ತಾರೀಖು, ಕಿಲೋಮೀಟರ್ ಸಮೇತ ಬರೆದಿಡಿ. ಒಂದೇ ದಿನದ ಅಂಕಿ ಅಷ್ಟೇನೂ ಹೇಳುವುದಿಲ್ಲ. ಆದರೆ ಹೋದ ಸಲ 14 ಇದ್ದ ನಾಲ್ಕನೇ ವಾಲ್ವ್ ಈ ಸಲ 10 ಆಗಿದ್ದು ಉಳಿದೆಲ್ಲ ಹಾಗೇ ಇದ್ದರೆ, ಸೀಟು ಕುಸಿಯುತ್ತಿದೆ ಅಂತ ಮೈಲಿ ದೂರದಿಂದಲೇ ಗೊತ್ತಾಗುತ್ತದೆ.

ಮಳೆಗಾಲದ ರೋಗ, ಘಾಟಿಯ ಹೊಗೆ

ಮಲೆನಾಡಿನ ಗಾಡಿಗಳಿಗೆ ಪುಸ್ತಕಗಳು ಹೆಚ್ಚು ಹೇಳದ ಒಂದು ರೋಗ ಇದೆ. ಜೂನ್‌ನಲ್ಲಿ ಷೆಡ್ಡಿಗೆ ಸೇರಿದ ಗಾಡಿ ದಸರಾ ಹೊತ್ತಿಗೆ ಹೊರಗೆ ಬರುತ್ತದೆ. ಎಂಜಿನ್ ನಿಂತಾಗ ಯಾವುದೋ ಒಂದೆರಡು ವಾಲ್ವ್ ತೆರೆದೇ ಇರುತ್ತವೆ. ನಾಲ್ಕು ತಿಂಗಳ ತೇವ ಸೈಲೆನ್ಸರ್ ಕಡೆಯಿಂದ ನೇರ ಅದರ ಕಾಂಡಕ್ಕೂ ಸೀಟಿಗೂ ಬೋರಿಗೂ ಹೋಗಿ ತುಕ್ಕು ಹಿಡಿಸುತ್ತದೆ. ಹ್ಯಾಂಡಲ್ ಹೊಡೆದರೆ ಆ ಸಿಲಿಂಡರಿನಲ್ಲಿ ಕಂಪ್ರೆಶನ್ನೇ ಇಲ್ಲ. ಸುಟ್ಟ ವಾಲ್ವ್‌ನ ಲಕ್ಷಣಗಳೆಲ್ಲ ಹಾಜರು. ಆದರೆ ಇದು ಸವೆತವಲ್ಲ, ಅಂಟಿಕೊಂಡದ್ದು. ವಾಲ್ವ್ ಕೋಣೆಯ ಮುಚ್ಚಳ ತೆಗೆದು ಹ್ಯಾಂಡಲ್ ತಿರುಗಿಸಿದರೆ ಕಣ್ಣಿಗೇ ಕಾಣುತ್ತದೆ: ಟ್ಯಾಪೆಟ್ ಕೆಳಗಿಳಿಯುತ್ತದೆ, ವಾಲ್ವ್ ಮೇಲೆಯೇ ನಿಂತಿರುತ್ತದೆ, ನಡುವೆ ಎದ್ದು ಕಾಣುವಷ್ಟು ಜಾಗ.

ಸೈಡ್-ವಾಲ್ವ್‌ನ ಒಂದು ಉಪಕಾರ ಇಲ್ಲಿ ನೆನೆಯಬೇಕು. ವಾಲ್ವ್ ಪಿಸ್ಟನ್ ಮೇಲಿಲ್ಲವಾದ್ದರಿಂದ ಎದ್ದು ನಿಂತರೂ ಪಿಸ್ಟನ್ ಬಡಿದು ಬಗ್ಗುವುದಿಲ್ಲ. ಹಾಗಂತ ಸ್ಟಾರ್ಟರ್ ಒತ್ತುತ್ತಾ ಕೂರಬೇಡಿ. ಸೀಮೆಎಣ್ಣೆಗೆ ಅರ್ಧದಷ್ಟು ತೆಳು ಎಂಜಿನ್ ಆಯಿಲ್ ಬೆರೆಸಿ ಕಾಂಡದ ಬುಡಕ್ಕೆ ಚಿಮುಕಿಸಿ, ಒಂದು ರಾತ್ರಿ ಬಿಡಿ. ಪ್ಲಗ್ ತೂತು ವಾಲ್ವ್ ಮೇಲೇ ಇದ್ದರೆ ಗಟ್ಟಿ ಮರದ ಕಡ್ಡಿ ಇಳಿಸಿ ಕೈಯಿಂದ ಒತ್ತಿ; ಸುತ್ತಿಗೆ ಬೇಡ. ಕೆಳಗಿನಿಂದ ಸ್ಪ್ರಿಂಗ್ ಬಿಲ್ಲೆಯನ್ನು ಅತ್ತಿತ್ತ ತಿರುಗಿಸುತ್ತಾ ಒತ್ತಿದರೆ ಬೇಗ ಬಿಡುತ್ತದೆ. ಒಮ್ಮೆ ಕೂತ ಮೇಲೆ ಮತ್ತೆ ಎತ್ತಿ, ಮತ್ತೆ ಎಣ್ಣೆ ಬಿಟ್ಟು, ಸ್ಪ್ರಿಂಗಿನ ಬಲದಿಂದಲೇ ಟಕ್ಕನೆ ಕೂರುವವರೆಗೆ ಮಾಡಿ. ಹೀಗೆ ಬಿಡಿಸಿಕೊಂಡ ಎಂಜಿನ್ ಅರ್ಧ ಗಂಟೆ ಓಡಿದ ಮೇಲೆ ಕಂಪ್ರೆಶನ್ ನೋಡಿ ತೀರ್ಮಾನ ಮಾಡಿ, ಮೊದಲೇ ಅಲ್ಲ. ಮುಂದಿನ ಮಳೆಗಾಲಕ್ಕೆ: ನಿಲ್ಲಿಸುವ ಮುನ್ನ ಪ್ಲಗ್ ತೂತಿನಿಂದ ತಲಾ ಎರಡು ಚಮಚ ಆಯಿಲ್, ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ, ಹದಿನೈದು ದಿನಕ್ಕೊಮ್ಮೆ ಹ್ಯಾಂಡಲಿನಲ್ಲಿ ಎರಡು ಸುತ್ತು. ಸೈಲೆನ್ಸರ್‌ಗೆ ಬಟ್ಟೆ ತುರುಕಿದ್ದು ನೆನಪಿರಲೆಂದು ಸ್ಟೇರಿಂಗ್‌ಗೆ ಒಂದು ಚೀಟಿ ಕಟ್ಟಿ.

ಇನ್ನು ಹೊಗೆ. ಬಾಬಾಬುಡನ್‌ಗಿರಿಯಿಂದ ಕೈಮರದ ಕಡೆಗೆ ಆಕ್ಸಿಲರೇಟರ್ ಬಿಟ್ಟು ಎರಡನೇ ಗೇರಿನಲ್ಲಿ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ದಟ್ಟಗೆ ಬಂದು ನೂರಿನ್ನೂರು ಮೀಟರಿನಲ್ಲಿ ತಿಳಿಯಾದರೆ ಇನ್‌ಲೆಟ್ ಗೈಡುಗಳು ಸವೆದಿವೆ. ಥ್ರಾಟಲ್ ಮುಚ್ಚಿದ್ದಾಗ ಮ್ಯಾನಿಫೋಲ್ಡಿನ ಸೆಳೆತ ಅತಿ ಹೆಚ್ಚು. ಸವೆದ ಗೈಡಿನಿಂದ ಆಯಿಲ್ ಎಳೆದುಕೊಂಡು ಇಟ್ಟುಕೊಂಡಿರುತ್ತದೆ. ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಹತ್ತುವಾಗ ಇಡೀ ದಾರಿ ಹೊಗೆ ಬಂದರೆ ಅದು ರಿಂಗು. ಈ ಲಕ್ಷಣ ಹೆಡ್‌ನಲ್ಲಿ ವಾಲ್ವ್ ಇರುವ ನಂತರದ ಅಂಬಾಸಿಡರ್‌ನಂಥ ಗಾಡಿಗಳಲ್ಲಿ ಎದ್ದು ಕಾಣುತ್ತದೆ. ಸೈಡ್-ವಾಲ್ವ್‌ನಲ್ಲಿ ಗೈಡಿನ ತಲೆಯ ಮೇಲೆ ಆಯಿಲ್ ನಿಲ್ಲುವುದಿಲ್ಲ, ಹಾಗಾಗಿ ಸವೆದ ಗೈಡು ಆಯಿಲ್‌ಗಿಂತ ಗಾಳಿಯನ್ನೇ ಹೆಚ್ಚು ಎಳೆಯುತ್ತದೆ. ಐಡ್ಲಿಂಗ್ ನಿಲ್ಲುವುದಿಲ್ಲ, ಕಾರ್ಬುರೇಟರ್ ಎಷ್ಟು ತಿರುಗಿಸಿದರೂ ಹೊಂದುವುದಿಲ್ಲ. ಮುಚ್ಚಳ ತೆಗೆದ ಮಾಡೆಲ್ ಟಿ ಎಂಜಿನ್ ಓಡುತ್ತಿರುವಾಗ ಇನ್‌ಲೆಟ್ ಗೈಡುಗಳ ಬುಡಕ್ಕೆ ಒಂದೊಂದಾಗಿ ಆಯಿಲ್ ಚಿಮುಕಿಸಿ. ಯಾವುದಕ್ಕೆ ಬಿಟ್ಟಾಗ ಐಡ್ಲಿಂಗ್ ಸರಿಹೋಗುತ್ತದೋ ಅದೇ ಗೈಡು.

ಬಾಗಿಲ ಕೀಲು ಸಡಿಲಾದರೆ ಚೌಕಟ್ಟು ಎಷ್ಟು ಚೆನ್ನಾಗಿದ್ದರೂ ಬಾಗಿಲು ಕೂರುವುದಿಲ್ಲ. ಗೈಡು ಸವೆದ ಎಂಜಿನ್‌ನಲ್ಲಿ ವಾಲ್ವ್ ಉಜ್ಜುವುದೂ ಹಾಗೇ, ಕೂಲಿ ದಂಡ. ವಾಲ್ವನ್ನು ಸ್ವಲ್ಪ ಎತ್ತಿ ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಹೊಸ ಗೈಡಿನಲ್ಲಿ ಕಾಂಡಕ್ಕೆ ಒಂದರಿಂದ ಮೂರು ಥೌ ಸಡಿಲ, ಎಕ್ಸಾಸ್ಟ್‌ಗೆ ಒಂದು ಥೌ ಹೆಚ್ಚು. ಆರು ದಾಟಿದರೆ ಬದಲಿಸುವ ಕಾಲ. ಜೀಪಿನಲ್ಲಿ ಗೈಡು ಒತ್ತಿ ತೆಗೆಯಬಹುದು. ಮಾಡೆಲ್ ಎಯಲ್ಲಿ ಗೈಡು ಎರಡು ಸೀಳಾಗಿ ಬರುತ್ತದೆ. ಮಾಡೆಲ್ ಟಿಯಲ್ಲಿ ಬೇರೆ ಗೈಡೇ ಇಲ್ಲ, ಬ್ಲಾಕಿನಲ್ಲಿ ಕೊರೆದ ತೂತೇ ಗೈಡು. ಅದನ್ನು ರೀಮರ್ ಹಾಕಿ ದೊಡ್ಡದು ಮಾಡಿ ಇಂಚಿನ 1/64ರಷ್ಟು ದಪ್ಪ ಕಾಂಡದ ವಾಲ್ವ್ ಹಾಕುವುದು ರೂಢಿ.

ಬಿಚ್ಚಿದ ಮೇಲೆ

ಬಿಚ್ಚಲೇಬೇಕಾದರೆ ಮೊದಲು ವಾಲ್ವ್ ಕೋಣೆಯ ತಳದ ತೂತುಗಳಿಗೆ ಬಟ್ಟೆ ತುರುಕಿ. ಸ್ಪ್ರಿಂಗ್ ಲಾಕು ಜಾರಿ ಕ್ರ್ಯಾಂಕ್‌ಕೇಸಿಗೆ ಬಿದ್ದರೆ ಒಂದು ಗಂಟೆಯ ಕೆಲಸ ಒಂದು ದಿನವಾಗುತ್ತದೆ. ವಾಲ್ವ್‌ಗಳನ್ನು ರಟ್ಟಿಗೆ ಎಂಟು ತೂತು ಕೊರೆದು ನಂಬರ್ ಹಾಕಿ ನಿಲ್ಲಿಸಿ, ಮಸಿ ಒರೆಸುವ ಮೊದಲು ಓದಿ. ಇನ್‌ಲೆಟ್ ಕತ್ತಿನಲ್ಲಿ ಒದ್ದೆ ಕರಿ ಮಸಿ ಗಂಟುಗಟ್ಟಿದ್ದರೆ ಗೈಡು. ಎಕ್ಸಾಸ್ಟ್ ತಲೆ ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ, ಸುಣ್ಣದಂತೆ ಬಿಳಿಯಿದ್ದರೆ ಪೆಟ್ರೋಲು ಸಾಲದೆ ಕಾಯ್ದಿದೆ. ಮುಖದ ಒಂದು ಕಡೆ ಮಾತ್ರ ಹೊಳೆಯುತ್ತಿದ್ದರೆ ಕಾಂಡ ಬಗ್ಗಿದೆ ಅಥವಾ ಗೈಡು ಓರೆಯಾಗಿದೆ. ಅಂಚಿನ ದಪ್ಪ ಇಂಚಿನ 1/32ಕ್ಕಿಂತ ಕಡಿಮೆಯಾದ ವಾಲ್ವ್ ಕತ್ತಿಯಂತೆ ಕಾಯುತ್ತದೆ, ಎಸೆಯಿರಿ. ಮಾಡೆಲ್ ಟಿಯ ಹಳೆಯ ವಾಲ್ವ್‌ಗಳಲ್ಲಿ ಎರಕದ ತಲೆಯನ್ನು ಉಕ್ಕಿನ ಕಾಂಡಕ್ಕೆ ಬೆಸೆದಿರುತ್ತಿದ್ದರು. ಅಂಥದ್ದು ಕಂಡರೆ ಎಷ್ಟು ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ತಲೆ ಕಳಚಿ ಬಿದ್ದರೆ ಪಿಸ್ಟನ್, ಹೆಡ್ ಎರಡೂ ಹೋಗುತ್ತವೆ. ಒಂದೇ ತುಂಡಿನ ಸ್ಟೇನ್‌ಲೆಸ್ ವಾಲ್ವ್‌ಗಳು ಸಿಗುತ್ತವೆ.

ಸೀಟು ಮತ್ತು ಬೋರಿನ ನಡುವಿನ ಸಣ್ಣ ಸೇತುವೆಯಲ್ಲಿ ಬಿರುಕಿದೆಯೇ ನೋಡಿ. ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗಿನ ಎಣ್ಣೆ ಬಿಳಿಯ ಮೇಲೆ ಗೆರೆ ಎಳೆಯುತ್ತದೆ.

ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿಗೆ ಉಜ್ಜುವುದು ಎಲ್ಲರಿಗೂ ಗೊತ್ತಿರುವ ಕೆಲಸವೇ. ವಾಲ್ವ್ ತಲೆಗೆ ಹಿಡಿಸಿದ ಕೋಲನ್ನು ಎರಡು ಅಂಗೈ ನಡುವೆ ಹಿಡಿದು ಮಜ್ಜಿಗೆ ಕಡೆದ ಹಾಗೆ ಅತ್ತಿತ್ತ ತಿರುಗಿಸಬೇಕು, ಹತ್ತು ಸಲಕ್ಕೊಮ್ಮೆ ಎತ್ತಿ ಕಾಲು ಸುತ್ತು ಜರುಗಿಸಿ ಕೂರಿಸಬೇಕು. ಒಂದೇ ದಿಕ್ಕಿಗೆ ಸುತ್ತಿದರೆ ಸೀಟಿನಲ್ಲಿ ಗೆರೆ ಬೀಳುತ್ತದೆ. ತುಂಬಾ ಜನ ತಪ್ಪುವುದು ನಿಲ್ಲಿಸುವ ವಿಷಯದಲ್ಲಿ. ಬೂದು ಬಣ್ಣದ ಉಂಗುರ ಒಂದೇ ಸಮ ಬಂತೆಂದರೆ ಸಾಕು. ಇನ್ನೂ ಉಜ್ಜಿದರೆ ಸೀಟು ಅಗಲವಾಗುತ್ತದೆ, ಒತ್ತಡ ಹಂಚಿಹೋಗುತ್ತದೆ, ಮಸಿ ಸಿಕ್ಕಿಕೊಳ್ಳುತ್ತದೆ. ಇನ್‌ಲೆಟ್‌ಗೆ ಇಂಚಿನ 1/16, ಎಕ್ಸಾಸ್ಟ್‌ಗೆ 3/32 ಅಗಲ ಸಾಕು. ಆಳದ ಗುಳಿಗಳನ್ನು ಪೇಸ್ಟಿನಲ್ಲಿ ತೆಗೆಯಲು ಹೋಗಬೇಡಿ, ಕಟ್ಟರ್ ಹಾಕಿಸಿ. ಪೇಸ್ಟಿನ ಒಂದು ಕಣವೂ ಬೇರಿಂಗಿಗೆ ಹೋಗಬಾರದು, ಅದು ಅಲ್ಲಿನ ಮೆತ್ತನೆಯ ಲೋಹದಲ್ಲಿ ಹೂತು ಕ್ರ್ಯಾಂಕನ್ನು ವರ್ಷಗಟ್ಟಲೆ ಅರೆಯುತ್ತದೆ.

ಪರೀಕ್ಷೆಗೆ ವಾಲ್ವ್ ಮುಖದ ಮೇಲೆ ಪೆನ್ಸಿಲಿನಿಂದ ಇಪ್ಪತ್ತು ಅಡ್ಡಗೆರೆ ಎಳೆದು, ಸೀಟಿಗೆ ಕೂರಿಸಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಪ್ರತಿ ಗೆರೆಯೂ ಒಂದು ಕಡೆ ತುಂಡಾಗಿರಬೇಕು. ಒಂದು ಗೆರೆ ಉಳಿದರೂ ಅಲ್ಲಿ ಸೋರುತ್ತದೆ.

ಸಭಿಕರ ಎರಡು ಪ್ರಶ್ನೆ

ಸೀಸವಿಲ್ಲದ ಪೆಟ್ರೋಲಿನಿಂದ ಸೀಟು ಕುಸಿಯುತ್ತದೆಯೇ ಎಂದು ಕೇಳಿದ್ದೀರಿ. ಪೆಟ್ರೋಲಿಗೆ ಸೀಸ ಬೆರೆಸಿ ಮಾರಲು ಶುರುವಾಗಿದ್ದು 1923ರಲ್ಲಿ, ಅಮೆರಿಕದಲ್ಲಿ. ನಮ್ಮ ದೇಶದಲ್ಲಿ ನಿಂತಿದ್ದು 2000ದ ಫೆಬ್ರವರಿಯಲ್ಲಿ. ಮಾಡೆಲ್ ಟಿ ಹುಟ್ಟಿದ್ದೇ ಸೀಸವಿಲ್ಲದ ಕಾಲದಲ್ಲಿ, ನಿಧಾನದ ಎಂಜಿನ್, ಅದಕ್ಕೆ ಚಿಂತೆ ಇಲ್ಲ. ಬ್ಲಾಕಿನಲ್ಲೇ ಕಡೆದ ಸೀಟಿದ್ದು, ಟ್ರೈಲರ್ ಎಳೆಯುತ್ತಾ ತೋಟದ ದಿಣ್ಣೆ ಹತ್ತುವ ಗಾಡಿಗೆ ಚಿಂತೆ ಇದೆ. ಕಾಯ್ದ ವಾಲ್ವ್ ಮೆತ್ತನೆಯ ಸೀಟಿಗೆ ಸೂಕ್ಷ್ಮವಾಗಿ ಬೆಸೆದು ಕಿತ್ತು ಬರುತ್ತದೆ, ಕಿತ್ತ ಕಣವೇ ಉಜ್ಜುಕಾಗದವಾಗುತ್ತದೆ. ಗ್ಯಾಪು ಪದೇಪದೇ ಕಡಿಮೆಯಾಗುತ್ತಿದ್ದರೆ ಎಕ್ಸಾಸ್ಟ್‌ಗೆ ಮಾತ್ರ ಗಟ್ಟಿ ಉಕ್ಕಿನ ಸೀಟು ಕೂರಿಸಿ. ಬ್ಲಾಕಿನಲ್ಲಿ ಸೀಟಿನ ಕೆಳಗೆ ನೀರಿನ ಗೋಡೆ ತೆಳ್ಳಗಿರುತ್ತದೆ. ಈ ಜಾತಿಯ ಬ್ಲಾಕಿಗೆ ಮೊದಲು ಹಾಕಿದ ಅನುಭವ ಇರುವವರಿಗೇ ಕೊಡಿ.

ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ: 20 ಶೇಕಡಾ ಎಥನಾಲ್ ಇದ್ದರೆ ಹಳೆಯ ಜೆಟ್ಟಿನಲ್ಲಿ (ಕಾರ್ಬುರೇಟರಿನಲ್ಲಿ ಪೆಟ್ರೋಲು ಬರುವ ಸಣ್ಣ ತೂತು) ಮಿಶ್ರಣ ಸುಮಾರು ಏಳೆಂಟು ಶೇಕಡಾ ತೆಳುವಾಗುತ್ತದೆ. ಬಿಸಿ ಹೆಚ್ಚಿ, ಎಕ್ಸಾಸ್ಟ್ ತಲೆ ಬಿಳಿಚುತ್ತದೆ. ಮಾಡೆಲ್ ಟಿಯಲ್ಲಿ ಡ್ಯಾಶ್‌ಬೋರ್ಡಿನ ಮಿಶ್ರಣದ ಕಡ್ಡಿಯನ್ನು ಸ್ವಲ್ಪ ತೆರೆದರೆ ಮುಗಿಯಿತು. ಜೆಟ್ ಬದಲಿಸಬೇಕಾದ ಗಾಡಿಗಳಲ್ಲಿ ಒಂದು ಅಳತೆ ದೊಡ್ಡದು ಹಾಕಿ, ಘಾಟಿ ಹತ್ತಿ ಬಂದು ಪ್ಲಗ್ ಬಣ್ಣ ನೋಡಿ. ಇದೇ ಪೆಟ್ರೋಲು ತೇವ ಹೀರುತ್ತದೆ, ಆದ್ದರಿಂದ ಮಳೆಗಾಲಕ್ಕೆ ನಿಲ್ಲಿಸುವ ಗಾಡಿಯ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಯೇ ನಿಲ್ಲಿಸಿ. ವಾಲ್ವ್ ಉಜ್ಜಿಸಿದವರು ಹೆಡ್ ನಟ್ಟುಗಳನ್ನು ಮೊದಲ ಸಲ ಕಾಯ್ದು ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಎಂಟೂ ಗ್ಯಾಪುಗಳನ್ನು 150 ಕಿಲೋಮೀಟರ್ ಓಡಿದಾಗ ಒಮ್ಮೆ, 500 ಆದಾಗ ಇನ್ನೊಮ್ಮೆ ಅಳೆಯಿರಿ; ಹೊಸ ಸೀಟು ಕೂರುವುದು ಆ ಅವಧಿಯಲ್ಲೇ, ಒಂದೆರಡು ಥೌ ಕಡಿಮೆಯಾಗಿಯೇ ಆಗಿರುತ್ತದೆ.